ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ರೋಗಿ ಯಾರ ಕೈಯಲ್ಲಿ?

ಪ್ರಶ್ನೆ: ಡಾಕ್ಟ್ರೇ, ಕಳೆದ ತಿಂಗಳು ನಮ್ಮ ತಂದೆಯವರನ್ನು ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಸೇರಿಸಿದ್ದೆವು. 68 ವರ್ಷ, ಶುಗರ್, ಬಿಪಿ ಎರಡೂ ಇದೆ. ಆರು ದಿನದಲ್ಲಿ ಅದೇ ಕಥೆಯನ್ನು ಹತ್ತು ಜನಕ್ಕೆ ಹೇಳಿದ್ದೇನೆ. ಬೆಳಗ್ಗೆ ನೋಡಿದವರು ರಾತ್ರಿ ಇರಲ್ಲ, ರಾತ್ರಿ ಬಂದವರಿಗೆ ಬೆಳಗ್ಗೆ ಏನಾಯಿತು ಅಂತ ಗೊತ್ತಿರಲ್ಲ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ಜಾಸ್ತಿಯಾಗಿದೆ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನಿಲ್ಲಿಸಿ ಎಂದು ರೌಂಡ್ಸ್‌ನಲ್ಲಿ ಹೇಳಿದ್ದರು. ಅದೇ ಮಾತ್ರೆಯನ್ನು ರಾತ್ರಿ ಕೊಡಲು ಬಂದರು, ಅಮ್ಮ ತಡೆದರು. ಎಲ್ಲರೂ ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರು. ಕಲಿಯುವವರ ಕೈಗೆ ರೋಗಿಗಳನ್ನು ಬಿಡುವುದು ಸರಿಯಾ?
(ಓದುಗರೊಬ್ಬರು, ತುಮಕೂರು)

ಉತ್ತರ: ಮೊದಲು ನಿಮ್ಮ ತಾಯಿಯವರಿಗೆ ಒಂದು ನಮಸ್ಕಾರ ಹೇಳಿ. ಅವರು ಮಾಡಿದ ಕೆಲಸವನ್ನು ಮಾಡಬೇಕಾಗಿದ್ದದ್ದು ನಮ್ಮವರು.

ಕಲಿಯುವವರು ನೋಡುವುದು ತಪ್ಪಲ್ಲ. ನಡುರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದರೆ ಹಾಸಿಗೆ ಹತ್ತಿರ ಓಡಿ ಬರುವವರು ಎಂಬಿಬಿಎಸ್ ಮುಗಿಸಿ ಮುಂದೆ ಓದುತ್ತಿರುವ ಪಿಜಿಗಳೇ, ಎಂಬಿಬಿಎಸ್‌ನ ಕೊನೆಯ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳೇ. ಅವರ ಹಿಂದೆ ಹಿರಿಯರು ಇರಬೇಕು, ಅದು ಬೇರೆ ಮಾತು. ನಿಮ್ಮ ತಂದೆಯವರ ವಿಷಯದಲ್ಲಿ ಎಡವಟ್ಟಾದದ್ದು ವಯಸ್ಸಿನಿಂದಲ್ಲ. ಬೆಳಗಿನವರು ಸಂಜೆಯವರಿಗೆ, ಸಂಜೆಯವರು ರಾತ್ರಿಯವರಿಗೆ ರೋಗಿಯನ್ನು ಒಪ್ಪಿಸುತ್ತಾರಲ್ಲ, ನಾವು ಹ್ಯಾಂಡೋವರ್ ಅನ್ನುತ್ತೇವೆ, ಅಲ್ಲಿ ಮಾತು ಸೋರಿಹೋಗಿದೆ. ಇದನ್ನು ನಮ್ಮಲ್ಲಿ ಬಹಳ ಕಡೆ ಯಾರೂ ಕೂತು ಕಲಿಸುವುದಿಲ್ಲ. ಹಿರಿಯ ಪಿಜಿ ಹೇಗೆ ಮಾಡಿದರೋ ಹಾಗೆ ಕಿರಿಯರು ಮಾಡುತ್ತಾರೆ, ಅಷ್ಟೆ.

ನಾನು ಪಿಜಿ ಮಾಡುವಾಗ ಒಂದು ರಾತ್ರಿ ಎಂಟು ಗಂಟೆಗೆ ಡ್ಯೂಟಿಗೆ ಬಂದೆ. ಅವತ್ತು ನಮ್ಮ ಯೂನಿಟ್ಟಿನ ಅಡ್ಮಿಷನ್ ಡೇ, ನೆಲದ ಮೇಲೂ ಹಾಸಿಗೆ ಹಾಕಿದ್ದರು. ಗೆಳೆಯ ಕೋಟು ಬಿಚ್ಚುತ್ತಲೇ ಹೇಳಿದ, "ಬೆಡ್ 14 ಸ್ಟೇಬಲ್, ಒಂದು ರಿಪೋರ್ಟ್ ಬರಬೇಕು." ಯಾವ ರಿಪೋರ್ಟ್ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಅಜ್ಜನಿಗೆ ಕಿಡ್ನಿ ತೊಂದರೆ. ರಕ್ತದಲ್ಲಿ ಪೊಟ್ಯಾಸಿಯಂ 6.8 ಇದೆ, ಅಂದರೆ ಹೃದಯವನ್ನೇ ನಿಲ್ಲಿಸಬಹುದಾದಷ್ಟು ಜಾಸ್ತಿ ಇದೆ ಎಂದು ಲ್ಯಾಬಿನವರು ಆರೂವರೆಗೇ ಫೋನ್ ಮಾಡಿದ್ದರು. ಫೋನ್ ಎತ್ತಿದವರು ಅದನ್ನು ಗ್ಲೌಸ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿಟ್ಟು ಇನ್ನೊಂದು ಕರೆಗೆ ಓಡಿದ್ದರು. ಹತ್ತು ಗಂಟೆಗೆ ಗ್ಲೌಸ್ ತೆಗೆಯಲು ಹೋದ ಸಿಸ್ಟರ್ ಕಣ್ಣಿಗೆ ಅದು ಬಿತ್ತು. ಇಸಿಜಿ ತೆಗೆದರೆ ಅಲೆಗಳು ಗುಡಾರದ ಹಾಗೆ ಚೂಪಾಗಿ ಎದ್ದಿದ್ದವು. ಕ್ಯಾಲ್ಸಿಯಂ ಗ್ಲುಕೋನೇಟ್ ಕೊಟ್ಟೆವು, ಗ್ಲುಕೋಸ್ ಜೊತೆ ಇನ್ಸುಲಿನ್ ಹಾಕಿದೆವು, ಅಜ್ಜ ಉಳಿದರು. ಆ ಮುಚ್ಚಳ ಕಸಕ್ಕೆ ಹೋಗಿದ್ದರೆ ಎಂದು ಇವತ್ತಿಗೂ ನೆನೆಯುತ್ತೇನೆ.

ಇದೇ ವಾರ ಹೌಸ್ ಸರ್ಜನ್ ಹುಡುಗಿಯೊಬ್ಬಳು ಬರೆದಿದ್ದಾಳೆ, "ಸರ್, ಮೂವತ್ತು ಗಂಟೆ ಡ್ಯೂಟಿ ಮಾಡಿ ನಿದ್ದೆಗಣ್ಣಲ್ಲಿ ಏನು ಒಪ್ಪಿಸಲಿ?" ಇವಳಿಗೂ ನಿಮಗೂ ಒಂದೇ ಉತ್ತರ ಬೇಕಿದೆ.

ನಿದ್ದೆಗೆಟ್ಟವರು ತಪ್ಪು ಮಾಡುತ್ತಾರೆ, ಇದರಲ್ಲಿ ಅನುಮಾನವಿಲ್ಲ. 2004ರಲ್ಲಿ ಬಾಸ್ಟನ್ನಿನ ಒಂದು ಆಸ್ಪತ್ರೆಯ ಐಸಿಯುಗಳಲ್ಲಿ ಇಂಟರ್ನ್‌ಗಳನ್ನು, ಅಂದರೆ ತರಬೇತಿಯ ಮೊದಲ ವರ್ಷದ ವೈದ್ಯರನ್ನು, ಹೋಲಿಸಿ ನೋಡಿದರು. 24 ಗಂಟೆಗೂ ಮೀರಿದ ಡ್ಯೂಟಿ ಇದ್ದಾಗ, ಡ್ಯೂಟಿ ಕಡಿಮೆ ಮಾಡಿದ ಸಮಯಕ್ಕಿಂತ ಸುಮಾರು 36% ಜಾಸ್ತಿ ಗಂಭೀರ ತಪ್ಪುಗಳಾಗಿದ್ದವು. ನಮ್ಮಲ್ಲಿ ಪಿಜಿಗಳಂಥ ರೆಸಿಡೆಂಟ್ ವೈದ್ಯರ ಕೆಲಸಕ್ಕೆ ಕೇಂದ್ರ ಮಾಡಿದ 1992ರ ರೆಸಿಡೆನ್ಸಿ ಸ್ಕೀಮ್ ಪ್ರಕಾರ ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆ, ವಾರಕ್ಕೆ 48 ಗಂಟೆ ದಾಟಬಾರದು. ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) 2023ರ ಪಿಜಿ ನಿಯಮ ಗಂಟೆ ಲೆಕ್ಕ ಹಾಕದೆ "ಸಮಂಜಸವಾದ" ಕೆಲಸದ ಅವಧಿ ಅನ್ನುತ್ತದೆ, ವಾರದ ರಜೆಯನ್ನೂ ಕೆಲಸದ ತುರ್ತು ನೋಡಿಕೊಂಡು ಅನ್ನುತ್ತದೆ. ತುರ್ತು ಇಲ್ಲದ ದಿನ ಯಾವ ವಾರ್ಡಿನಲ್ಲಿದೆ ಹೇಳಿ? ಗಂಟೆಯನ್ನು ಅಂಕಿಯಲ್ಲೇ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಗಂಟೆ ಕಡಿಮೆ ಮಾಡಿದರೆ ಡ್ಯೂಟಿ ಬದಲಾಗುವುದು ಜಾಸ್ತಿಯಾಗುತ್ತದೆ, ಅಲ್ವಾ? ಅಂದರೆ ರೋಗಿ ಇನ್ನೂ ಹೆಚ್ಚು ಸಲ ಕೈ ಬದಲಾಗುತ್ತಾನೆ. ಅಮೆರಿಕದಲ್ಲಿ 2003ರಿಂದ ವಾರಕ್ಕೆ 80 ಗಂಟೆಯ ಮಿತಿ ಇದೆ, ಅಲ್ಲೂ ಈ ತೊಡಕು ಎದ್ದಿತು. ಹಾಗಾಗಿ ಒಪ್ಪಿಸುವುದನ್ನೇ ಪಾಠವಾಗಿ ಕಲಿಸತೊಡಗಿದರು. ಐ-ಪಾಸ್ ಅಂತ ಅದಕ್ಕೆ ಹೆಸರು. ರೋಗಿ ಎಷ್ಟು ಸೀರಿಯಸ್, ಇದುವರೆಗೆ ಏನಾಗಿದೆ, ರಾತ್ರಿ ಮಾಡಬೇಕಾದದ್ದು ಏನು, ಕೆಟ್ಟರೆ ಏನು ಮಾಡಬೇಕು, ಇಷ್ಟು ಹೇಳಬೇಕು. ಆಮೇಲೆ ಕೇಳಿಸಿಕೊಂಡವರು ಅದನ್ನು ತಮ್ಮ ಬಾಯಲ್ಲಿ ತಿರುಗಿ ಹೇಳಬೇಕು. ಈ ಕೊನೆಯದೇ ಜೀವಾಳ. ನಾನು ಅವತ್ತು "ಬೆಡ್ 14, ಇಂಥ ರಿಪೋರ್ಟ್ ಬರಬೇಕು" ಎಂದು ತಿರುಗಿ ಹೇಳಲು ಹೊರಟಿದ್ದರೆ, ಯಾವುದು ಅಂತ ಕೇಳಲೇಬೇಕಾಗುತ್ತಿತ್ತು. ಅಮೆರಿಕ, ಕೆನಡಾದ 9 ಮಕ್ಕಳ ಆಸ್ಪತ್ರೆಗಳಲ್ಲಿ ಇದನ್ನು ಅಳವಡಿಸಿ 2014ರಲ್ಲಿ ಫಲಿತಾಂಶ ಕೊಟ್ಟರು. ವೈದ್ಯಕೀಯ ತಪ್ಪುಗಳು 23% ಇಳಿದಿದ್ದವು, ತಡೆಯಬಹುದಾದ ಹಾನಿ 30% ಇಳಿದಿತ್ತು. ಒಪ್ಪಿಸಲು ಹಿಡಿಯುವ ಸಮಯ ಹೆಚ್ಚೇನೂ ಬದಲಾಗಿರಲಿಲ್ಲ. ಟೈಮ್ ಎಲ್ಲಿದೆ ಸರ್ ಅನ್ನುವ ನನ್ನ ಪಿಜಿಗಳಿಗೆ ಇದನ್ನೇ ಹೇಳುತ್ತಿದ್ದೆ.

ಹುಡುಗಿಗೆ ನಾನು ಹೇಳುವುದು ಇಷ್ಟು. ಆದೇಶ ಬರಲಿ ಎಂದು ಕಾಯಬೇಡಮ್ಮ. ನಾಳೆ ಸಂಜೆಯೇ ನಿನ್ನ ಜೊತೆಯವರನ್ನು ಕರೆದುಕೊಂಡು ಹಾಸಿಗೆ ಹಾಸಿಗೆಗೆ ಹೋಗಿ ಒಪ್ಪಿಸು. ಎಲ್ಲರ ಹತ್ತಿರ ಆಗದಿದ್ದರೆ ಸೀರಿಯಸ್ ಇರುವ ನಾಲ್ಕೈದು ಜನರ ಹತ್ತಿರವಾದರೂ. ಸಿಸ್ಟರನ್ನೂ ಜೊತೆಗೆ ನಿಲ್ಲಿಸಿಕೋ. ನಿಲ್ಲಿಸಿದ ಔಷಧಿಯನ್ನು ಡ್ರಗ್ ಚಾರ್ಟಿನಲ್ಲಿ ಗೆರೆ ಎಳೆದು, ದಿನಾಂಕ, ಸಹಿ ಹಾಕು. ರೌಂಡ್ಸ್‌ನಲ್ಲಿ ಬಾಯಲ್ಲಿ ಹೇಳಿದ್ದು ಚಾರ್ಟಿಗೆ ಇಳಿಯದಿದ್ದರೆ ರಾತ್ರಿ ಸಿಸ್ಟರ್ ಆ ಮಾತ್ರೆ ಕೊಟ್ಟೇ ಕೊಡುತ್ತಾರೆ. ತುಮಕೂರಿನ ಇವರ ತಂದೆಯವರಿಗೆ ಆದದ್ದೂ ಬಹುಶಃ ಇದೇ. ಮತ್ತೆ, ಅಜ್ಜಿಯೊಬ್ಬರು "ಸಂಕಟ ಆಗ್ತಿದೆ ಕಣಪ್ಪ" ಅಂದರೆ ಸುಮ್ನೆ ಗ್ಯಾಸ್ಟ್ರಿಕ್ ಅಂತ ಬರೆಯಬೇಡ. ಎಲ್ಲಿ, ಯಾವಾಗಿನಿಂದ, ಬೆವರು ಬಂತಾ ಅಂತ ಕೇಳು. ಅದು ಹೃದಯಾಘಾತವೂ ಆಗಿರಬಹುದು.

ಇನ್ನು ನೀವು. ಹತ್ತು ಸಲ ಕಥೆ ಹೇಳುವುದು ಬೇಸರವೇ, ಆದರೂ ಪೂರ್ತಿ ವ್ಯರ್ಥವಲ್ಲ, ಕೆಲವು ಸಲ ಐದನೆಯ ಸಲ ಹೇಳುವಾಗಲೇ ಮರೆತದ್ದು ನೆನಪಾಗುತ್ತದೆ. ಒಂದು ಹಾಳೆಯಲ್ಲಿ ತಂದೆಯವರ ಕಾಯಿಲೆಗಳು, ಆಗಿರುವ ಆಪರೇಷನ್, ಯಾವ ಔಷಧಿ ಆಗಿಬರಲ್ಲ, ಈಗಿನ ಮಾತ್ರೆಗಳು, ಎಷ್ಟೆಷ್ಟು ಎಂದು ಬರೆದು ಕೇಸ್ ಶೀಟಿನ ಜೊತೆ ಇಡಿಸಿ. ಸಂಜೆ ಡ್ಯೂಟಿ ಬದಲಾಗುವಾಗ ಹಾಸಿಗೆ ಹತ್ತಿರ ಒಬ್ಬರು ಇರಿ. "ರಾತ್ರಿ ಯಾರು ನೋಡ್ಕೋತೀರಿ? ಯಾವ ರಿಪೋರ್ಟ್ ಬರಬೇಕು? ಇವತ್ತು ಏನು ನಿಲ್ಲಿಸಿದ್ದೀರಿ?" ಎಂದು ಸಮಾಧಾನವಾಗಿ ಕೇಳಿ. ಮನೆಯವರನ್ನೂ ಸೇರಿಸಿಕೊಂಡು ರೌಂಡ್ಸ್ ಮಾಡುವುದನ್ನು ಮಕ್ಕಳ ವಾರ್ಡುಗಳಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು, ಹಾನಿ ತಂದ ತಪ್ಪುಗಳು 38% ಕಡಿಮೆಯಾಗಿದ್ದವು. ಹಾಗಾಗಿ ಕೇಳುವುದಕ್ಕೆ ಸಂಕೋಚ ಬೇಡ. ಯಾರಾದರೂ ರೇಗಿದರೆ ಯೂನಿಟ್ ಚೀಫ್ ಯಾರೆಂದು ತಿಳಿದು ಅವರ ಹತ್ತಿರವೇ ಹೋಗಿ.

ತಂದೆಯವರು ಮನೆಗೆ ಬಂದಿದ್ದಾರೆ ಅಂದುಕೊಳ್ಳುತ್ತೇನೆ. ಮೆಟ್‌ಫಾರ್ಮಿನ್ ಮತ್ತೆ ಶುರು ಮಾಡಬೇಕಾ, ಬೇಡವಾ, ಕ್ರಿಯಾಟಿನಿನ್ ಮತ್ತೆ ಯಾವಾಗ ನೋಡಬೇಕು, ಇದು ಡಿಸ್ಚಾರ್ಜ್ ಕಾರ್ಡಿನಲ್ಲಿ ಇದೆಯಾ ಇವತ್ತೇ ನೋಡಿ. ಇಲ್ಲದಿದ್ದರೆ ಹಳೇ ಡಬ್ಬಿಯ ಮಾತ್ರೆ ಶುರು ಮಾಡುವ ಮೊದಲು ಆಸ್ಪತ್ರೆಗೆ ಹೋಗಿ ಬರೆಸಿಕೊಂಡು ಬನ್ನಿ.