ಸಂಪಾಜೆಯಲ್ಲಿ ಬಸ್ ಕೆಟ್ಟರೆ

ಪ್ರಶ್ನೆ: ಮಂಗಳೂರಿನಿಂದ ಮೈಸೂರಿಗೆ ಹೊರಟ ರಾತ್ರಿ ಬಸ್ಸು ಕೊಡಗಿನ ಗಡಿಯ ಸಂಪಾಜೆಯಲ್ಲಿ ಕೆಟ್ಟು ನಿಂತರೆ ಏನು ಮಾಡಬೇಕು?

ಉತ್ತರ: ಕೆಟ್ಟಿದ್ದು ಏನೆಂದು ಮೊದಲು ಡ್ರೈವರನ್ನು ಕೇಳಿ. ಪಂಕ್ಚರ್ ಆದರೆ ಕೂತಿರಿ, ಸ್ಟೆಪ್ನಿ ಹಾಕುವಷ್ಟು ಹೊತ್ತು. ಘಾಟಿ ಏರುವಾಗ ಅರ್ಧ ಕ್ಲಚ್ಚಿನಲ್ಲೇ ಎಳೆದೆಳೆದು ಕ್ಲಚ್ ಪ್ಲೇಟ್ ಸುಟ್ಟಿದ್ದರೆ ಆ ಬಸ್ಸಿನ ಆಸೆ ಬಿಡಿ. ಕರಟಿದ ವಾಸನೆಯೇ ಹೇಳುತ್ತದೆ. ಸರ್ಕಾರಿ ಬಸ್ಸಾದರೆ ಟಿಕೆಟ್ ಬಿಸಾಡಬೇಡಿ, ಹಿಂದೆ ಬರುವ ಬಸ್ಸಿಗೆ ಅದರಲ್ಲೇ ಹತ್ತಿಸಿಕೊಡಲು ಕಂಡಕ್ಟರಿಗೆ ಹೇಳಿ. ಮಡಿಕೇರಿ ಇನ್ನೂ ಸುಮಾರು 27 ಕಿ.ಮೀ. ಕೊಡಗಿನಲ್ಲಿ ರೈಲಂತೂ ಇಲ್ಲ. ಕತ್ತಲಲ್ಲಿ ನಡೆಯುವ ಸಾಹಸ ಬೇಡ, ಆನೆ ಓಡಾಡುವ ಕಾಡು. 2018ರ ಆಗಸ್ಟಿನಂತೆ ಗುಡ್ಡ ಕುಸಿದು ದಾರಿ ಮುಚ್ಚಿದರೆ ಕಾಯದೆ ಸುಳ್ಯಕ್ಕೆ ಮರಳಿ, ಉಳಿಯಲು ಲಾಡ್ಜ್ ಉಂಟು. ಮಳೆಗಾಲದಲ್ಲಿ ಹುಲ್ಲಿನ ಬದಿ ನಿಲ್ಲುವುದಾದರೆ ಜಿಗಣೆಗೆಂದು ಒಂದು ಪೊಟ್ಟಣ ಉಪ್ಪು ಇಟ್ಟುಕೊಳ್ಳಿ.