ಕೇಪ್ ಬಫಲೋಗೆ .375 ಸಾಕು, ಗುಂಡು ಮಾತ್ರ ಒಳ್ಳೇದಿರಲಿ

ನಮೀಬಿಯಾದಲ್ಲಿ ಕೇಪ್ ಬಫಲೋ (ಆಫ್ರಿಕಾದ ಕಾಡೆಮ್ಮೆ) ಬೇಟೆಗೆ .375 ಎಚ್ ಅಂಡ್ ಎಚ್ ರೈಫಲ್ ಸಾಕಾ, ಅದಕ್ಕಿಂತ ದಪ್ಪ ಗುಂಡಿನ .458 ವಿಂಚೆಸ್ಟರ್ ಮ್ಯಾಗ್ನಮ್ಮೇ ಬೇಕಾ ಅಂತ ಕೇಳಿದ್ದೀರಿ. ಇಲ್ಲಿವರೆಗೆ ಇವೆರಡಕ್ಕಿಂತ ಕಡಿಮೆ ಒದೆಯುವ .30-06 ಬಿಟ್ಟು ಬೇರೆ ಹೊಡೆದಿಲ್ಲ ಅಂತಲೂ ಬರೆದಿದ್ದೀರಿ. ಹಾಗಾದರೆ ಯೋಚನೆಯೇ ಬೇಡ, .375 ತಗೊಳ್ಳಿ.

ಅಲ್ಲಿನ ನಿಯಮ ಬಫಲೋಗೆ ಕನಿಷ್ಠ 5400 ಜೂಲ್ ಶಕ್ತಿ ಕೇಳುತ್ತದೆ. .375ರ 300 ಗ್ರೇನ್ (ಸುಮಾರು 19 ಗ್ರಾಂ) ಗುಂಡು ಸೆಕೆಂಡಿಗೆ 2500 ಅಡಿ ವೇಗದಲ್ಲಿ ಹೊರಟರೆ ಸುಮಾರು 5600 ಜೂಲ್ ಸಿಗುತ್ತದೆ. .458ರ 500 ಗ್ರೇನ್ ಗುಂಡಿನ ಹೊಡೆತ ಇನ್ನೂ ದೊಡ್ಡದು, ನಿಜ. ಆದರೆ ಹೊಡೆದಾಗ ರೈಫಲ್ ಭುಜಕ್ಕೆ ಕೊಡುವ ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚಿದಿರೋ, ಗುಂಡು ಹೊಟ್ಟೆಗೆ ಹೋಗುತ್ತದೆ. ಗಾಯಗೊಂಡ ಪ್ರಾಣಿ ಪೊದೆ ಸೇರುತ್ತದೆ, ಅದರ ಹೆಜ್ಜೆ ಹಿಡಿದು ಮೊದಲು ಒಳಗೆ ಹೋಗಬೇಕಾದವನು ಟ್ರ್ಯಾಕರ್. ಅವನ ಜೀವದ ಲೆಕ್ಕ ನಿಮ್ಮ ತಲೆಯಲ್ಲಿರಬೇಕು.

ದುಡ್ಡು ಉಳಿಸೋದಾದರೆ ಬೇರೆಲ್ಲಾದರೂ ಉಳಿಸಿ, ಗುಂಡಿನಲ್ಲಿ ಬೇಡ. ಮೊದಲ ಹೊಡೆತಕ್ಕೆ ಬಾಂಡೆಡ್ ಸಾಫ್ಟ್ (ಸೀಸದ ತಿರುಳು ಹೊರಕವಚಕ್ಕೆ ಬೆಸೆದಿರುವ, ತಗುಲಿದಾಗ ಹಿಗ್ಗುವ ಗುಂಡು) ಅಥವಾ ಪೂರ್ತಿ ತಾಮ್ರದ ಹಿಗ್ಗುವ ಗುಂಡು. ಸಾಲಿಡ್, ಅಂದರೆ ಹಿಗ್ಗದೆ ಆಳಕ್ಕೆ ಹೋಗುವ ಗುಂಡು, ಹಾಕಿದರೆ ದೇಹ ದಾಟಿ ಹಿಂದೆ ನಿಂತ ಇನ್ನೊಂದು ಬಫಲೋಗೂ ತಗುಲೀತು. ಸಾಲಿಡ್‌ಗಳು ಅದರ ನಂತರಕ್ಕೆ, ಓಡಿಹೋಗುವ ಪ್ರಾಣಿಗೆ ಹಿಂದಿನಿಂದ ಹೊಡೆಯಬೇಕಾದಾಗ. ಪಕ್ಕಕ್ಕೆ ನಿಂತಿದ್ದರೆ ಮುಂಗಾಲಿನ ನೇರಕ್ಕೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗದ ಎತ್ತರಕ್ಕೆ ಗುರಿಯಿಡಿ. ಹೃದಯ ಅಷ್ಟು ಕೆಳಗಿದೆ.

ರೈಫಲ್ ಮೌಸರ್ 98 ಮಾದರಿಯದಾದರೆ ಒಳ್ಳೆಯದು. ಕಾಟ್ರಿಜ್ ಮ್ಯಾಗಜಿನ್‌ನಿಂದ ಮೇಲೇಳುತ್ತಿದ್ದಂತೆ ಎಕ್ಸ್‌ಟ್ರಾಕ್ಟರಿನ (ಕಾಟ್ರಿಜ್ ಹೊರಗೆಳೆಯುವ ಭಾಗದ) ಉಗುರು ಅದರ ಅಂಚನ್ನು ಹಿಡಿದುಕೊಳ್ಳುತ್ತದೆ, ಗಾಬರಿಯಲ್ಲಿ ಬೋಲ್ಟ್ ಅರ್ಧ ಎಳೆದರೂ ಎರಡು ಕಾಟ್ರಿಜ್ ಸಿಕ್ಕಿಹಾಕಿಕೊಳ್ಳುವುದಿಲ್ಲ. ಚಪ್ಪಟೆ ಮೂತಿಯ ಸಾಲಿಡ್‌ಗಳು ಕೆಲವು ರೈಫಲ್‌ಗಳಲ್ಲಿ ಮ್ಯಾಗಜಿನ್‌ನಿಂದ ನಳಿಕೆಗೆ ಏರುವಾಗ ತಡವರಿಸುತ್ತವೆ, ಹಾಗಾಗಿ ಹೊರಡುವ ಮೊದಲೇ ರೇಂಜಿನಲ್ಲಿ ನಿಮ್ಮದರಲ್ಲಿ ಓಡಿಸಿ ನೋಡಿ.