ವಾಲ್ಶ್ ಕೋಡ್ ಉದ್ದ ಮಾಡಬೇಡಿ, ಮೊದಲು ಟೈಮಿಂಗ್ ನೋಡಿ

ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಕಳಿಸುವ ನಾಲ್ಕು ಪ್ಲೂಟೋ ಬೋರ್ಡ್‌ಗೆ (ಕಂಪ್ಯೂಟರಿನಿಂದ ನಡೆಸುವ ಪುಟ್ಟ ರೇಡಿಯೋ) ನಾಲ್ಕು ವಾಲ್ಶ್ ಕೋಡ್ ಕೊಟ್ಟಿದ್ದೀರಿ, ಅಂದರೆ ಒಬ್ಬೊಬ್ಬರ ಡೇಟಾ ಬೇರೆ ಮಾಡಲು ಒಂದೊಂದು + − ಸಾಲು. ಒಂದರ ಡೇಟಾ ಇನ್ನೊಂದರಲ್ಲಿ ನುಸುಳುತ್ತಿದೆ, ಅದಕ್ಕೆ ಉದ್ದ 64ರಿಂದ 128 ಮಾಡುತ್ತೇನೆ ಅಂತೀರಿ. ಬೇಡ ಸರ್. ನಾನೂ ಹೀಗೇ ಉದ್ದ ಏರಿಸುತ್ತಾ ಕೂತವನು, ಏನೂ ಸರಿಹೋಗಲಿಲ್ಲ.

ಪೇಪರ್ ಮೇಲೆ ಬರೆದು ನೋಡಿ. ಉದ್ದ 4ರ ವಾಲ್ಶ್‌ನಲ್ಲಿ ಒಂದು ಸಾಲು + + − −, ಇನ್ನೊಂದು + − − +. ಗುಣಿಸಿ ಕೂಡಿದರೆ ಸೊನ್ನೆ. ಈಗ ಮೊದಲನೆಯದನ್ನು ಒಂದೇ ಚಿಪ್ (ಸಾಲಿನ ಒಂದು + ಅಥವಾ −) ಎಡಕ್ಕೆ ಸುತ್ತಿಸಿ. ಅದು ಎರಡನೆಯದೇ ಆಯಿತು ಅಲ್ವಾ? ಅಂದರೆ ಟೈಮಿಂಗ್ ಒಂದು ಚಿಪ್ ತಪ್ಪಿದರೂ ರಿಸೀವರಿಗೆ ಎರಡೂ ಒಂದೇ. 1 ಎಂಸಿಪಿಎಸ್‌ನಲ್ಲಿ (ಸೆಕೆಂಡಿಗೆ ಹತ್ತು ಲಕ್ಷ ಚಿಪ್) ಒಂದು ಚಿಪ್ ಅಂದರೆ 1 ಮೈಕ್ರೋಸೆಕೆಂಡ್, ಗಾಳಿಯಲ್ಲಿ 300 ಮೀಟರ್. ಮನೆಯೊಳಗಿನ ದೂರ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಯುಎಸ್‌ಬಿಯಲ್ಲಿ ಬೋರ್ಡ್ ಶುರುವಾಗುವ ಹೊತ್ತೇ ಮಿಲಿಸೆಕೆಂಡ್‌ಗಟ್ಟಲೆ ಆಚೀಚೆ ಆಗುತ್ತದೆ.

ಹಳೆಯ ಸಿಡಿಎಂಎ ಮೊಬೈಲ್ ವ್ಯವಸ್ಥೆ ಐಎಸ್-95ರಲ್ಲಿ ವಾಲ್ಶ್ ನಡೆಯುತ್ತಿತ್ತಲ್ಲ ಅಂತ ಕೇಳಿದ್ದೀರಿ. ಅದು ಟವರಿನಿಂದ ಮೊಬೈಲಿಗೆ. ಅಲ್ಲಿ ಎಲ್ಲ ಕೋಡೂ ಒಂದೇ ಕಡೆಯಿಂದ ಒಟ್ಟಿಗೆ ಹೊರಡುತ್ತವೆ. ಮೊಬೈಲಿನಿಂದ ಟವರಿಗೆ ಬರುವಾಗ ಜನರನ್ನು ಬೇರೆ ಮಾಡಿದ್ದು 2^42−1 ಉದ್ದದ ಲಾಂಗ್ ಕೋಡ್, ಜೊತೆಗೆ ಸೆಕೆಂಡಿಗೆ 800 ಸಲ ಪವರ್ ಕಂಟ್ರೋಲ್.

ಟೈಮಿಂಗ್ ಹೊಂದಿಸುವುದು ಸಾಧ್ಯವೇ ಇಲ್ಲದಿದ್ದರೆ ಗೋಲ್ಡ್ ಕೋಡ್ ಹಿಡಿಯಿರಿ, ಅವು ಆಚೀಚೆ ಸರಿದರೂ ಒಂದನ್ನೊಂದು ಹೆಚ್ಚು ಹೋಲುವುದಿಲ್ಲ. 31 ಉದ್ದಕ್ಕೆ 33 ಕೋಡ್ ಸಿಗುತ್ತವೆ. ಆದರೆ ಕ್ರಾಸ್ ಕೋರಿಲೇಶನ್ (ಒಂದು ಕೋಡ್ ಇನ್ನೊಂದನ್ನು ಹೋಲುವ ಪ್ರಮಾಣ) 9/31 ತನಕ ಹೋಗುತ್ತದೆ, ಅಂದರೆ ಸುಮಾರು −10.7 ಡಿಬಿ. ಪಕ್ಕದ ಬೋರ್ಡ್ 15 ಡಿಬಿ ಜೋರಿದ್ದರೆ ದೂರದ್ದು ಮುಳುಗುತ್ತದೆ. 1023 ಆದರೆ −24 ಡಿಬಿ ಹತ್ತಿರ. ಜಿಪಿಎಸ್‌ನ ಎಲ್1 ಸಿ/ಎ ಸಿಗ್ನಲ್, ನಮ್ಮ ನಾವಿಕ್‌ನ ಎಲ್5 ಸಿಗ್ನಲ್ ಎರಡೂ ಆ ಉದ್ದ ಬಳಸುತ್ತವೆ. 255 ಉದ್ದದ ಗೋಲ್ಡ್ ಅಂತ ನೆಟ್‌ನಲ್ಲಿ ಸಿಕ್ಕಿದ್ದನ್ನು ತಂದು ಹಾಕಬೇಡಿ. 255 ಬರುವುದು 8 ಬಿಟ್ ಶಿಫ್ಟ್ ರಿಜಿಸ್ಟರಿನಿಂದ; ರಿಜಿಸ್ಟರ್ ಉದ್ದ 4ರ ಗುಣಕವಾದರೆ ಗೋಲ್ಡ್ ಕಟ್ಟಲು ಬೇಕಾದ ಪ್ರಿಫರ್ಡ್ ಪೇರ್ ಇರುವುದೇ ಇಲ್ಲ. ಇನ್ನೊಂದು ವಿಷಯ, ಡೇಟಾ ಬಿಟ್ ನಡುವೆ ತಿರುಗಿದಾಗ ಈ ಅಂಕಿಗಳೂ ಮೀರುತ್ತವೆ. ಸುಮ್ನೆ ನಂಬಬೇಡಿ, ಪ್ಲಾಟ್ ಮಾಡಿ.

ನಿಮಗೆ ಪೂರ್ತಿ ಸೊನ್ನೆ ಬೇಕು ತಾನೇ? ನನಗೆ ಕೆಲಸ ಮಾಡಿದ್ದು ಝಡಾಫ್-ಚು ಸೀಕ್ವೆನ್ಸ್. ಅದನ್ನು ಸುತ್ತಿಸಿದರೆ ತನ್ನದೇ ಮೂಲದ ಜೊತೆ ಗುಣಿಸಿ ಕೂಡಿದಾಗ ಸೊನ್ನೆ ಬರುತ್ತದೆ. ಉದ್ದ 139, ಎಲ್ಲರಿಗೂ ಒಂದೇ ಸೀಕ್ವೆನ್ಸ್, ಒಬ್ಬೊಬ್ಬರಿಗೆ 34 ಚಿಪ್ ಅಂತರದ ಸೈಕ್ಲಿಕ್ ಶಿಫ್ಟ್ (ಸುತ್ತಿಸಿದ ರೂಪ). ಪ್ರತಿ ಬ್ಲಾಕ್ ಮುಂದೆ ಸೈಕ್ಲಿಕ್ ಪ್ರಿಫಿಕ್ಸ್ (ಅದೇ ಬ್ಲಾಕಿನ ಬಾಲದ ನಕಲು) ಇಡಿ. ರಿಸೀವರಿನಿಂದ ಒಂದು ಬೀಕನ್ (ಶುರು ಮಾಡಲು ಸೂಚನೆ) ಕಳಿಸಿ, ಟ್ರಾನ್ಸ್‌ಮಿಟರ್‌ಗಳು ಯುಎಸ್‌ಬಿ ದಾಟದೆ ಬೋರ್ಡ್ ಒಳಗೇ ಅದನ್ನು ಕೇಳಿ ಶುರುವಾಗಲಿ. ವ್ಯತ್ಯಾಸ 34 ಚಿಪ್ ಒಳಗಿದ್ದರೆ ಸಾಕು, ಒಂದು ಚಿಪ್ ಒಳಗೆ ಕೂರಿಸುವ ಪಾಡಿಲ್ಲ. ಎಲ್‌ಟಿಇಯಲ್ಲಿ ಮೊಬೈಲ್ ಟವರನ್ನು ಮೊದಲು ಕರೆಯುವ ಚಾನೆಲ್ ಪ್ರಾಚ್‌ನಲ್ಲೂ 839 ಉದ್ದಕ್ಕೆ ಇದೇ ಉಪಾಯ. ಡೇಟಾ ವೇಗ ಇಳಿಯುತ್ತದೆ, ಅದು ಗೊತ್ತಿರಲಿ.

ರೂಟ್ (ಯಾವ ಝಡಾಫ್-ಚು ಅಂತ ಆರಿಸುವ ಸಂಖ್ಯೆ) ಮಾತ್ರ 1 ಇಡಿ. ಪ್ಲೂಟೋದ 25 ಪಿಪಿಎಂ ಕ್ರಿಸ್ಟಲ್ 433 ಮೆಗಾಹರ್ಟ್ಸ್‌ನಲ್ಲಿ 11 ಕಿಲೋಹರ್ಟ್ಸ್ ತನಕ ತಪ್ಪಬಹುದು. ರೂಟ್ 1 ಇದ್ದರೆ ಕೋರಿಲೇಶನ್ ಪೀಕ್ ಒಂದೆರಡು ಚಿಪ್ ಸರಿಯುತ್ತದೆ ಅಷ್ಟೇ. ಬೇರೆ ರೂಟ್ ಆದರೆ ನೇರ ಪಕ್ಕದವರ ಜಾಗಕ್ಕೆ ಹಾರಬಹುದು. ಈ ಕೆಲಸಕ್ಕೆ ನನಗೆ ಪ್ಲೂಟೋಗಿಂತ ಹ್ಯಾಕ್‌ಆರ್‌ಎಫ್ ಬೋರ್ಡ್ ಜಾಸ್ತಿ ಇಷ್ಟ. 8 ಬಿಟ್ ಆದರೂ 10 ಮೆಗಾಹರ್ಟ್ಸ್ ಕ್ಲಾಕ್ ಹೊರಗಿನಿಂದ ಕೊಡಬಹುದು. ಆದರೆ ಕ್ಲಾಕ್ ಒಂದೇ ಆದ ಮಾತ್ರಕ್ಕೆ ಶುರುವಾಗುವ ಹೊತ್ತು ಒಂದಾಗುವುದಿಲ್ಲ, ಹಾಗಾಗಿ ಬೀಕನ್ ಬೇಡ ಅಂತ ಅರ್ಥ ಮಾಡಿಕೊಳ್ಳಬೇಡಿ.

ಆಂಟೆನಾ ಬಿಚ್ಚಿಟ್ಟು, ಎರಡೇ ಬೋರ್ಡ್ ತಗೊಂಡು, ಕೇಬಲ್ ಮತ್ತು 30 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವುದು) ಹಾಕಿ ನೋಡಿ. ಕೋರಿಲೇಶನ್ ಪ್ಲಾಟ್ ಇಲ್ಲಿ ಹಾಕಿದರೆ ಮುಂದಿನದು ಹೇಳುತ್ತೇನೆ.